ಹಳೆಯ ಡಾಂಬರು ರನ್‌ವೇ: ಮೇಲ್ಪದರ ಬದಲಿಸುವುದೋ, ತಳದಿಂದ ಕಟ್ಟುವುದೋ?

ಡಾಂಬರು ರನ್‌ವೇ ಹಳತಾದಂತೆ ಅದರ ಜಲ್ಲಿಯನ್ನು ಹಿಡಿದಿಡುವ ಕಪ್ಪು ಅಂಟಾದ ಬಿಟುಮೆನ್ ಗಾಳಿ ಬಿಸಿಲಿಗೆ ಗಡುಸಾಗಿ ಬಿರುಕು ಬಿಡುತ್ತದೆ. ಸಡಿಲಗೊಂಡ ಜಲ್ಲಿಯನ್ನು ಎಂಜಿನ್ ಒಳಗೆ ಎಳೆದುಕೊಳ್ಳುವ ಅಪಾಯವಿರುವುದರಿಂದ ಇಲ್ಲಿ ಸಣ್ಣ ದೋಷವೂ ಹೆದ್ದಾರಿಯಲ್ಲಿರುವಷ್ಟು ಸಣ್ಣದಲ್ಲ.

ದುರಸ್ತಿಯ ವಿಧಾನವನ್ನು ಆರಿಸುವ ಮೊದಲು ಎರಡು ಬಗೆಯ ಪರೀಕ್ಷೆಗಳನ್ನು ಹೋಲಿಸಿ ನೋಡಬೇಕು. ಕಣ್ಣಳತೆಯ ಸಮೀಕ್ಷೆಯು ಬಿರುಕು, ತಗ್ಗು, ಜಲ್ಲಿ ಕಿತ್ತುಬರುವಿಕೆಗಳನ್ನು ಗುರುತಿಸಿ ಮೇಲ್ಮೈಗೆ 0ಯಿಂದ 100ರವರೆಗಿನ ಸ್ಥಿತಿ ಸೂಚ್ಯಂಕವನ್ನು ಕೊಡುತ್ತದೆ, ಆದರೆ ಅಡಿಪದರಗಳ ಬಲವನ್ನು ಅದು ಅಳೆಯುವುದಿಲ್ಲ. ಭಾರವನ್ನು ಬೀಳಿಸಿ ನೆಲ ಎಷ್ಟು ಬಾಗಿತೆಂದು ಅಳೆಯುವ ಉಪಕರಣವು ಆ ಬಲವನ್ನು ಅಂದಾಜಿಸಲು ನೆರವಾಗುತ್ತದೆ. ಸೂಚ್ಯಂಕವೊಂದನ್ನೇ ನಂಬಿ ಕೋಟಿಗಟ್ಟಲೆ ಹಣ ಸುರಿಯುವುದು ನನ್ನ ದೃಷ್ಟಿಯಲ್ಲಿ ಅವಿವೇಕ.

ಅಡಿಪದರಗಳು ಗಟ್ಟಿಯಾಗಿದ್ದು ದೋಷವು ಮೇಲ್ಭಾಗಕ್ಕೆ ಸೀಮಿತವಾಗಿದ್ದರೆ, ಹಳೆಯ ಪದರವನ್ನು ಯಂತ್ರದಿಂದ ಕೆರೆದು ತೆಗೆದು ಹೊಸ ಡಾಂಬರು ಹಾಸುವುದೇ ಸೂಕ್ತ. ರಾತ್ರಿ ವಿಮಾನಗಳಿಲ್ಲದ ಅವಧಿಯಲ್ಲಿ ತುಂಡುತುಂಡಾಗಿ ಕೆಲಸ ಮಾಡಿ, ಹೊಸ ಪದರದ ಅಂಚಿಗೆ ತಾತ್ಕಾಲಿಕ ಇಳಿಜಾರು ಕಟ್ಟಿ, ಬೆಳಿಗ್ಗೆ ರನ್‌ವೇಯನ್ನು ಮತ್ತೆ ತೆರೆಯಬಹುದೆಂಬುದು ಇದರ ದೊಡ್ಡ ಅನುಕೂಲ. ಕೆರೆಯದೆ ಉಳಿದ ಆಳವಾದ ಬಿರುಕುಗಳು ಮಾತ್ರ ಕಾಲಕ್ರಮೇಣ ಹೊಸ ಪದರದಲ್ಲಿಯೂ ಮೂಡಿಬರುತ್ತವೆ. ಕೆರೆಯದೆಯೇ ಮೇಲೆ ಹಾಸಿದರೆ ಮಟ್ಟ ಏರಿ, ಅಂಚಿನ ದೀಪಗಳನ್ನೂ ರನ್‌ವೇಯ ಇಕ್ಕೆಲದ ಅಂಚುಪಟ್ಟಿಗಳನ್ನೂ ಎತ್ತರಿಸಬೇಕಾಗುತ್ತದೆ.

ನೀರು ನಿಂತು ತಳವೇ ಮೆತ್ತಗಾಗಿದ್ದರೆ ಅಥವಾ ಚಕ್ರದ ಹಾದಿಯುದ್ದಕ್ಕೂ ಆಳವಾದ ತಗ್ಗು ಬಿದ್ದಿದ್ದರೆ ಪೂರ್ಣ ಮರುನಿರ್ಮಾಣವೇ ಸರಿ. ಅದಕ್ಕೆ ದೀರ್ಘಕಾಲ ರನ್‌ವೇ ಮುಚ್ಚಬೇಕಾಗುವುದರಿಂದ, ಒಂದೇ ರನ್‌ವೇ ಇರುವ ನಿಲ್ದಾಣಕ್ಕೆ ಇದು ಖರ್ಚಿಗಿಂತಲೂ ಕಠಿಣವಾದ ಪ್ರಶ್ನೆ.