ದಿವಾಳಿ ಸಲಹಾ ಸೇವೆ: ಮನೆಯ ಬಗ್ಗೆ ತಾಳ್ಮೆ, ಜಾಮೀನಿನ ಬಗ್ಗೆ ಮೌನ

ಸಾಲ ತೀರಿಸುವ ದಾರಿ ಕಾಣದೆ ನಾನು ಮೊರೆಹೋದ ಸಲಹಾ ಸಂಸ್ಥೆಯ ವಕೀಲರು, ದಿವಾಳಿ ಅರ್ಜಿಯನ್ನು ಮುಟ್ಟುವ ಮೊದಲೇ, ನನ್ನ ಸಾಲಗಳನ್ನು ಅಡಮಾನವಿರುವವು, ಇಲ್ಲದವು ಎಂದು ಬೇರೆಬೇರೆಯಾಗಿ ಬರೆಸಿದರು. ಕ್ರೆಡಿಟ್ ಕಾರ್ಡ್ ಬಾಕಿ, ಕೈಸಾಲಗಳಂತಹವು ಸಾಮಾನ್ಯವಾಗಿ ಮನ್ನಾ ಆಗಬಹುದಾದರೂ, ಮಕ್ಕಳ ಪೋಷಣೆಯ ವೆಚ್ಚವಾಗಲಿ ವಿಚ್ಛೇದಿತ ಸಂಗಾತಿಯ ಜೀವನಾಂಶವಾಗಲಿ ಹಲವು ದೇಶಗಳ ಕಾನೂನಿನಲ್ಲಿ ಅಳಿಯುವುದಿಲ್ಲವೆಂದು ಸ್ಪಷ್ಟಪಡಿಸಿದರು.

ಮನೆಯ ವಿಷಯದಲ್ಲಿ ಅವರ ತಾಳ್ಮೆ ಮೆಚ್ಚುವಂಥದ್ದು. ಗೃಹಸಾಲದ ವೈಯಕ್ತಿಕ ಹೊಣೆ ಕಳಚಿದರೂ ಮನೆಯ ಮೇಲಿನ ಅಡಮಾನದ ಹಕ್ಕು ಸಾಲ ಕೊಟ್ಟವರಲ್ಲೇ ಉಳಿಯುವುದರಿಂದ ಕಂತು ತಪ್ಪಿದರೆ ಮನೆ ಹರಾಜಿಗೆ ಬರಬಹುದೆಂಬುದನ್ನೂ, ಬೆಲೆಯಲ್ಲಿ ಸಾಲ ಕಳೆದು ಉಳಿಯುವ ನಮ್ಮ ಪಾಲಿಗೆ ಸಿಗುವ ರಕ್ಷಣೆ ಆಯಾ ದೇಶದ ಕಾನೂನನ್ನು ಅವಲಂಬಿಸಿದೆಯೆಂಬುದನ್ನೂ ಎರಡೆರಡು ಬಾರಿ ವಿವರಿಸಿದರು. ಅರ್ಜಿಗೆ ಮುನ್ನ ಮನೆಯನ್ನು ಪತ್ನಿಯ ಹೆಸರಿಗೆ ಬರೆದುಕೊಡುವ ನನ್ನ ಉಪಾಯವನ್ನು (ಅದನ್ನು ಜಾಣತನವೆಂದೇ ನಂಬಿದ್ದೆ) ನ್ಯಾಯಾಲಯ ರದ್ದುಪಡಿಸಬಹುದೆಂದು ಎಚ್ಚರಿಸಿ ತಡೆದರು.

ಆದರೆ ಒಂದು ಸಾಲಕ್ಕೆ ಜಾಮೀನು ನಿಂತಿದ್ದ ತಮ್ಮನ ಹೊಣೆ ನನ್ನ ದಿವಾಳಿಯಿಂದ ತಪ್ಪುವುದಿಲ್ಲವೆಂಬ ಸಂಗತಿ, ನಾನಾಗಿಯೇ ಕೇಳಿದ ಮೇಲೆ, ಮೂರನೆಯ ಭೇಟಿಯಲ್ಲಿ ಹೊರಬಂತು. ಮೊದಲ ದಿನವೇ ಹೇಳಬೇಕಾಗಿದ್ದ ಮಾತದು. ಶುಲ್ಕವನ್ನು ಮಾತ್ರ ಆರಂಭದಲ್ಲೇ ಲಿಖಿತವಾಗಿ ತಿಳಿಸಿದ್ದರು. ಕೊನೆಯವರೆಗೂ ಅದು ಬದಲಾಗಲಿಲ್ಲ.