1:700 ಕ್ಯಾರಿಯರ್ ಸೆಟ್: ಹಡಗುಗಳು ಚೆಂದ, ಬೋರ್ಡ್ ದಂಡ

ಪೆಟ್ಟಿಗೆಯಲ್ಲಿ ಅಮೆರಿಕ ನೌಕಾಪಡೆಯ ಆರು ಹಡಗುಗಳಿವೆ, ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ ಮಾದರಿಗಳು. ಒಂದು ನಿಮಿಟ್ಜ್ ವರ್ಗದ ವಿಮಾನವಾಹಕ ನೌಕೆ (ಕ್ಯಾರಿಯರ್), ಅದರ ಬೆಂಗಾವಲಿಗೆ ಒಂದು ಟೈಕಾಂಡರೋಗಾ ಕ್ರೂಸರ್, ಎರಡು ಆರ್ಲೀ ಬರ್ಕ್ ಡೆಸ್ಟ್ರಾಯರ್, ಒಂದು ಲಾಸ್ ಏಂಜಲಿಸ್ ಸಬ್‌ಮರೀನ್, ಒಂದು ಸಪ್ಲೈ ವರ್ಗದ ಪೂರೈಕೆ ಹಡಗು. ಎಲ್ಲವೂ 1:700 ಅಳತೆಯವು (ನಿಜದ ಏಳುನೂರರಲ್ಲಿ ಒಂದು ಪಾಲು), ವಾಟರ್‌ಲೈನ್ ಮಾದರಿ. ಅಂದರೆ ನೀರಿನ ಮೇಲೆ ಕಾಣುವಷ್ಟು ಭಾಗ ಮಾತ್ರ. ಜೊತೆಗೆ ಅಲೆಗಳ ಅಚ್ಚು ಇರುವ ನೀಲಿ ಬೋರ್ಡ್ ಒಂದು. ಆರು ಹಡಗಿಗೂ ಅದರಲ್ಲಿ ಗುಳಿ ಮಾಡಿ ಜಾಗ ಗೊತ್ತು ಮಾಡಿದ್ದಾರೆ. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ದೂರುವ ವಿಷಯ ಇವರೊಬ್ಬರದ್ದೇ ಅಲ್ಲ, ಇಂಥ ಸೆಟ್ ಮಾಡುವವರಲ್ಲಿ ಬಹಳ ಜನರದ್ದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಚ್ಚು ತುಂಬಾ ಚೊಕ್ಕ. ಫ್ಲ್ಯಾಷ್, ಅಂದರೆ ಅಂಚಿನಲ್ಲಿ ಉಳಿಯುವ ಹೆಚ್ಚುವರಿ ಪ್ಲಾಸ್ಟಿಕ್, ಇಲ್ಲವೇ ಇಲ್ಲ ಅನ್ನಬಹುದು. ಪುಟ್ಟಿ ಬೇಕಾಗಿದ್ದು ಕ್ಯಾರಿಯರ್‌ನ ಮೂತಿಯ ಹತ್ತಿರ ಮಾತ್ರ. ಕ್ರೂಸರ್‌ನ ಡೆಕ್ ನೋಡಿ ನಾನು ಭೂತಗನ್ನಡಿ ತಂದೆ. ಕ್ಷಿಪಣಿ ಇಡುವ ಗೂಡುಗಳ ಮುಚ್ಚಳ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಮುಂದೆ 61, ಹಿಂದೆ 61, ಒಟ್ಟು 122. 64 ಇರಬೇಕಾದ ಕಡೆ 61 ಯಾಕೆ ಅಂದರೆ, ಮೂರು ಗೂಡಿನ ಜಾಗವನ್ನು ಕ್ಷಿಪಣಿ ತುಂಬುವ ಪುಟ್ಟ ಕ್ರೇನ್ ತಿಂದುಹಾಕಿದೆ. ಅದನ್ನೂ ತೋರಿಸಿದ್ದಾರೆ. ಡೆಸ್ಟ್ರಾಯರ್‌ಗಳು ಫ್ಲೈಟ್ 2ಎ ಮಾದರಿಯವು (ಒಂದೇ ವರ್ಗದ ಹಡಗಿನ ಬೇರೆ ಬೇರೆ ಆವೃತ್ತಿಗಳಿಗೆ ಫ್ಲೈಟ್ ಅನ್ನುತ್ತಾರೆ). ಇವುಗಳಲ್ಲಿ ಆ ಕ್ರೇನ್ ತೆಗೆದಿದ್ದಾರೆ. ಹಾಗಾಗಿ ಮುಂದೆ 32, ಹಿಂದೆ 64, ಒಟ್ಟು 96. ಇದೂ ಸರಿಯಾಗಿದೆ. ಹಿಂಬದಿಯ ಹೆಲಿಕಾಪ್ಟರ್ ಶೆಡ್ಡಿನ ಬಾಗಿಲನ್ನು ತೆರೆದಿಟ್ಟ ಹಾಗೆ ಕೂರಿಸಬಹುದು. ಇಷ್ಟು ಓದಿಕೊಂಡು ಅಚ್ಚು ಮಾಡಿದವರಿಗೆ ನಿಜಕ್ಕೂ ಶಹಭಾಸ್ ಅನ್ನಬೇಕು.

ಡಿಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ನಂಬರ್, ಗುರುತುಗಳ ಚೀಟಿ, ಮಾತ್ರ ಕೆಟ್ಟದಾಗಿವೆ. ದಪ್ಪ. ನೀರಿಗೆ ಹಾಕಿದರೆ ಅಂಚು ಸುರುಳಿ ಸುತ್ತುತ್ತದೆ. ಮೆದು ಮಾಡುವ ದ್ರಾವಣ ಇಲ್ಲದೆ ಕೈ ಹಾಕಬೇಡಿ.

ಇನ್ನು ಬೋರ್ಡ್ ವಿಷಯ. ಇಲ್ಲಿ ನನಗೆ ಸಿಟ್ಟು ಬಂತು.

ಗುಳಿಗಳಲ್ಲಿ ಹಡಗುಗಳನ್ನು ಕೂರಿಸಿದರೆ ಕ್ಯಾರಿಯರ್‌ಗೂ ಡೆಸ್ಟ್ರಾಯರ್‌ಗೂ ನಡುವೆ ಒಂದು ಗೇಣು ಉಳಿಯುತ್ತದೆ. ಈ ಅಳತೆಯಲ್ಲಿ ಒಂದು ಗೇಣು ಅಂದರೆ ನಿಜವಾದ ಸಮುದ್ರದಲ್ಲಿ ಹೆಚ್ಚೆಂದರೆ 150 ಮೀಟರ್. 30 ನಾಟ್ (ಗಂಟೆಗೆ ಸುಮಾರು 55 ಕಿಲೋಮೀಟರ್) ವೇಗದಲ್ಲಿ ಹೋಗುವ ಹಡಗು ಅಷ್ಟು ದೂರವನ್ನು ಹತ್ತು ಸೆಕೆಂಡಿನಲ್ಲಿ ದಾಟುತ್ತದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು ಕೇಳಿದಳು, "ಅಪ್ಪಾ, ಇಷ್ಟು ಹತ್ತಿರ ಹೋದ್ರೆ ಗುದ್ದಲ್ವಾ?"

ಗುದ್ದುತ್ತದೆ. ಗುದ್ದಿದೆ ಕೂಡ. ವಿಮಾನಗಳು ಏರಿ ಇಳಿಯುವಾಗ ಯಾರಾದರೂ ನೀರಿಗೆ ಬಿದ್ದರೆ ಎತ್ತಿಕೊಳ್ಳಲು ಒಂದು ಡೆಸ್ಟ್ರಾಯರ್ ಕ್ಯಾರಿಯರ್‌ನ ಹಿಂದೆ ಬರುತ್ತಿರುತ್ತದೆ. ಪ್ಲೇನ್ ಗಾರ್ಡ್ ಅನ್ನುತ್ತಾರೆ. ಈಗ ಈ ಕೆಲಸವನ್ನು ಬಹುಪಾಲು ಹೆಲಿಕಾಪ್ಟರ್ ಮಾಡುತ್ತದೆ. ಬೆಂಗಾವಲು ಹಡಗು ಕ್ಯಾರಿಯರ್‌ಗೆ ಇಷ್ಟು ಸಮೀಪ ಬರುವ ಕೆಲಸಗಳು ಕಡಿಮೆ. ಪ್ಲೇನ್ ಗಾರ್ಡ್ ಆಗಿ ಬಂದಾಗಲೂ ನಡುವೆ ಸುಮಾರು ಒಂದು ಕಿಲೋಮೀಟರ್ ಇರುತ್ತದೆ. ಅಷ್ಟಿದ್ದರೂ 1964ರ ಫೆಬ್ರವರಿ 10ರ ರಾತ್ರಿ ಆಸ್ಟ್ರೇಲಿಯಾದ ಡೆಸ್ಟ್ರಾಯರ್ ವಾಯೇಜರ್ ತನ್ನ ಜಾಗ ಹಿಡಿಯುವಾಗ ಮೆಲ್ಬರ್ನ್ ಕ್ಯಾರಿಯರ್‌ನ ಮೂತಿಗೆ ಅಡ್ಡ ಬಂತು. ಎರಡು ತುಂಡಾಯಿತು. 82 ಜನ ಹೋದರು. 1969ರ ಜೂನ್ 3ರಂದು ಅದೇ ಮೆಲ್ಬರ್ನ್‌ಗೆ ಅಮೆರಿಕದ ಫ್ರಾಂಕ್ ಇ. ಇವಾನ್ಸ್ ಅಡ್ಡ ಬಂತು. ಅದೂ ತುಂಡಾಯಿತು. 74 ಜನ ಸತ್ತರು. ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಗುದ್ದುತ್ತದೆ, ಅದಕ್ಕೇ ದೂರ ಇರುತ್ತವೆ ಅಂದೆ.

ಹಾಗಾದರೆ ಪೆಟ್ಟಿಗೆ ಮೇಲಿನ ಚಿತ್ರ? ಅದು ಫೋಟೋಗಾಗಿ ನಿಂತ ಸಾಲು. ನೌಕಾಪಡೆಗಳು ಆಗಾಗ ಎಲ್ಲ ಹಡಗುಗಳನ್ನು ಒಟ್ಟಿಗೆ ತಂದು ಮೇಲಿನಿಂದ ಚಿತ್ರ ತೆಗೆಯುತ್ತವೆ. ಚಿತ್ರ ಮುಗಿದ ಮೇಲೆ ಎಲ್ಲವೂ ಚದುರಿ ಹೋಗುತ್ತವೆ. ನಾವು ನೋಡುವುದೆಲ್ಲ ಆ ಚಿತ್ರವನ್ನೇ. ಬೋರ್ಡ್ ಮಾಡಿದವರೂ ಅದನ್ನೇ ನೋಡಿದ್ದಾರೆ.

ನಿಜವಾದ ಅಂತರ ಎಷ್ಟು ಅಂತ ಟೇಪ್ ಹಿಡಿದು ನೋಡಿದೆ. ಒಂದು ನಾಟಿಕಲ್ ಮೈಲಿ (1,852 ಮೀಟರ್) ಅಂದರೆ ಈ ಅಳತೆಯಲ್ಲಿ 2.65 ಮೀಟರ್. ಬೆಂಗಾವಲು ಹಡಗು ಹತ್ತು ಮೈಲಿ ಆಚೆ ಇದೆ ಅಂದುಕೊಳ್ಳಿ, 26 ಮೀಟರ್ ಆಯಿತು. ಕ್ಯಾರಿಯರ್ ಹಾಲ್‌ನಲ್ಲಿದ್ದರೆ ಡೆಸ್ಟ್ರಾಯರ್ ಮನೆ ದಾಟಿ ಬೀದಿಗೆ ಹೋಯಿತು. ಕ್ಯಾರಿಯರ್‌ನ ಉದ್ದ ಈ ಅಳತೆಯಲ್ಲಿ ಬರೀ 47.5 ಸೆಂಟಿಮೀಟರ್ ಅನ್ನುವುದನ್ನು ಮರೆಯಬೇಡಿ.

ಇಷ್ಟು ದೂರ ಯಾಕೆ? ಭೂಮಿ ಗುಂಡಗಿದೆ, ಅದಕ್ಕೆ. ರೇಡಾರ್ ಅಲೆ ಹೆಚ್ಚುಕಡಿಮೆ ನೆಟ್ಟಗೆ ಹೋಗುತ್ತದೆ. ಹಡಗಿನ ರೇಡಾರ್ ನೀರಿನಿಂದ 20 ಮೀಟರ್ ಎತ್ತರದಲ್ಲಿದೆ, ಬರುವ ಕ್ಷಿಪಣಿ ಅಲೆಗಳಿಗಿಂತ 5 ಮೀಟರ್ ಮೇಲೆ ಹಾರುತ್ತಿದೆ ಅಂದುಕೊಳ್ಳಿ. ಸುಮಾರು 28 ಕಿಲೋಮೀಟರ್ ಹತ್ತಿರ ಬರುವ ತನಕ ಅದು ಕಾಣುವುದೇ ಇಲ್ಲ. ಶಬ್ದದ ವೇಗಕ್ಕಿಂತ ತುಸು ಕಡಿಮೆ ವೇಗದಲ್ಲಿ ಬಂದರೂ ಉಳಿಯುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ಗುರುತಿಸಬೇಕು, ಹೊಡೆಯಬೇಕು, ತಪ್ಪಿದರೆ ಇನ್ನೊಮ್ಮೆ ಹೊಡೆಯಬೇಕು. ಕಾವಲು ಹಡಗು ಅಪಾಯ ಬರುವ ದಿಕ್ಕಿನಲ್ಲಿ ಮುಂದೆ ಹೋಗಿ ನಿಂತರೆ ಆ ಒಂದೂವರೆ ನಿಮಿಷ ಮೂರಾಗಬಹುದು, ನಾಲ್ಕಾಗಬಹುದು. ಒಂದು ಗೇಣು ದೂರದಲ್ಲಿ ನಿಂತರೆ ಒಂದು ಸೆಕೆಂಡೂ ಹೆಚ್ಚು ಸಿಗುವುದಿಲ್ಲ.

ಮುಂದೆ ನಿಂತವರಿಗೆ ಪೆಟ್ಟು ಮೊದಲು ಬೀಳುತ್ತದೆ, ಅದೂ ಗೊತ್ತಿರುವ ವಿಷಯವೇ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಹರ್ಮಿಸ್ ಮತ್ತು ಇನ್ವಿನ್ಸಿಬಲ್ ಎಂಬ ಎರಡು ಕ್ಯಾರಿಯರ್‌ಗಳ ಮುಂದೆ ಟೈಪ್ 42 ಡೆಸ್ಟ್ರಾಯರ್‌ಗಳು ಕಾವಲಿಗಿದ್ದವು. ಕ್ಯಾರಿಯರ್‌ಗಳ ಪಕ್ಕದಲ್ಲೇ ಸೀ ವುಲ್ಫ್ ಎಂಬ ಕಡಿಮೆ ದೂರ ಹಾರುವ ಕ್ಷಿಪಣಿ ಇದ್ದ ಟೈಪ್ 22 ಫ್ರಿಗೇಟ್‌ಗಳು. ಇವನ್ನು ಗೋಲ್‌ಕೀಪರ್ ಅನ್ನುತ್ತಿದ್ದರು. ಮೇ 4ರಂದು ಅರ್ಜೆಂಟೀನಾದ ವಿಮಾನದಿಂದ ಬಂದ ಎಕ್ಸೋಸೆಟ್ ಕ್ಷಿಪಣಿ ಬಡಿದದ್ದು ಮುಂದಿದ್ದ ಶೆಫೀಲ್ಡ್‌ಗೆ. 20 ಜನ ಸತ್ತರು, ಹಡಗು ಮೇ 10ರಂದು ಮುಳುಗಿತು. ಎರಡು ಕ್ಯಾರಿಯರ್‌ಗೂ ಯುದ್ಧ ಮುಗಿಯುವ ತನಕ ಒಂದು ಕ್ಷಿಪಣಿಯೂ ತಾಗಲಿಲ್ಲ. ಬೆಂಗಾವಲಿನ ಲೆಕ್ಕ ಎಷ್ಟು ಕಠೋರ ನೋಡಿ.

ಆ ಬ್ರಿಟಿಷ್ ಕ್ಯಾರಿಯರ್‌ಗಳಲ್ಲಿ ಇಲ್ಲದ ಒಂದು ವಸ್ತು ಈ ಪೆಟ್ಟಿಗೆಯಲ್ಲಿದೆ. ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿದ ಹಾಕ್‌ಐ ವಿಮಾನ. ಬೆನ್ನ ಮೇಲೆ ದುಂಡನೆಯ ರೇಡಾರ್ ಗುಮ್ಮಟ ಇರುವುದು. ನಿಜದಲ್ಲಿ ಅದು ಏಳು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ, ಇಲ್ಲಿ ಒಂದು ಸೆಂಟಿಮೀಟರ್. ಟ್ವೀಜರ್ ಜಾರಿದರೆ ಮತ್ತೆ ಸಿಗುವುದು ಅನುಮಾನ. ಆದರೆ ಇಡೀ ಸೆಟ್‌ನಲ್ಲಿ ಅತಿ ದೂರ ನೋಡುವ ಕಣ್ಣು ಇದೇ. ಎಂಟು ಕಿಲೋಮೀಟರ್ ಎತ್ತರಕ್ಕೆ ಏರಿದರೆ ರೇಡಾರ್‌ಗೆ ದಿಗಂತ 350 ಕಿಲೋಮೀಟರ್ ಆಚೆ ಸರಿಯುತ್ತದೆ. ಅಂಥ ವಿಮಾನವನ್ನು ರೆಕ್ಕೆ ಮಡಿಸಿದ ಸ್ಥಿತಿಯಲ್ಲಿ ಮಾತ್ರ ಕೊಟ್ಟಿದ್ದಾರೆ. ಹಾರುತ್ತಿರುವ ಹಾಗೆ ಒಂದು, ತಂತಿಯ ಸ್ಟ್ಯಾಂಡ್ ಒಂದು ಕೊಟ್ಟಿದ್ದರೆ ಏನು ಹೋಗುತ್ತಿತ್ತು?

ಸಬ್‌ಮರೀನ್‌ನ ಜಾಗ ನೋಡಿದರೆ ನಗು ಬರುತ್ತದೆ. ಕ್ಯಾರಿಯರ್‌ನ ಪಕ್ಕದಲ್ಲೇ, ನೀರಿನ ಮೇಲೆ ತೇಲುತ್ತಿದೆ. ನಿಜದಲ್ಲಿ ಅದು ನೀರಿನೊಳಗೆ ಎಲ್ಲೋ ಇರುತ್ತದೆ. ತಮ್ಮವರೇ ಶತ್ರು ಅಂದುಕೊಂಡು ಹೊಡೆಯಬಾರದು ಅಂತ ಅದಕ್ಕೆ ಬೇರೆ ನೀರಿನ ಪ್ರದೇಶವನ್ನೇ ಬಿಟ್ಟುಕೊಡುತ್ತಾರೆ.

ಗುಳಿಗಳ ಬಗ್ಗೆ ಇನ್ನೊಂದು ತಕರಾರು. ದೂರ ಸರಿಮಾಡಿದರೂ ಗುಳಿ ಅನ್ನುವುದೇ ತಪ್ಪು. ಬೆಂಗಾವಲು ಹಡಗಿಗೆ ಒಂದು ಬಿಂದು ಕೊಟ್ಟು ಇಲ್ಲೇ ಇರು ಅನ್ನುವುದಿಲ್ಲ. ಇಂತಿಂಥ ಎರಡು ದಿಕ್ಕುಗಳ ನಡುವೆ, ಇಷ್ಟರಿಂದ ಇಷ್ಟು ದೂರದ ಒಳಗೆ ಅಂತ ಒಂದು ಸೆಕ್ಟರ್ ಕೊಡುತ್ತಾರೆ. ಅದರೊಳಗೆ ಹಡಗು ಗೊತ್ತುಗುರಿ ಇಲ್ಲದ ಹಾಗೆ ಅಲೆಯುತ್ತದೆ. ಎಲ್ಲಿ ಸಂದು ಬಿಡುತ್ತದೆ ಅಂತ ಶತ್ರು ಸಬ್‌ಮರೀನ್‌ಗೆ ತಿಳಿಯಬಾರದು, ಅಷ್ಟೆ. ವೇಗದಲ್ಲೂ ಆಟ ಇದೆ. ಜೋರಾಗಿ ಓಡಿದರೆ ತನ್ನದೇ ಸದ್ದಿನಲ್ಲಿ ಸೋನಾರ್ (ನೀರಿನೊಳಗಿನ ಸದ್ದು ಹಿಡಿಯುವ ಸಾಧನ) ಕಿವುಡಾಗುತ್ತದೆ. ಅದಕ್ಕೆ ಮುಂದೆ ಓಡಿ, ನಿಧಾನಿಸಿ ಆಲಿಸಿ, ಮತ್ತೆ ಓಡುತ್ತವೆ.

ಇದರ ಮೇಲೆ ಕ್ಯಾರಿಯರ್ ವಿಮಾನ ಹಾರಿಸಬೇಕಾದಾಗಲೆಲ್ಲ ಗಾಳಿಗೆ ಎದುರಾಗಿ ತಿರುಗುತ್ತದೆ. ಆಗ ಸುತ್ತಲಿನ ವ್ಯೂಹವೂ ಹೊಂದಿಕೊಳ್ಳಬೇಕು. 1939ರ ಸೆಪ್ಟೆಂಬರ್ 17ರಂದು ಬ್ರಿಟನ್ನಿನ ಕರೇಜಸ್ ಕ್ಯಾರಿಯರ್ ಜೊತೆ ನಾಲ್ಕು ಡೆಸ್ಟ್ರಾಯರ್ ಇದ್ದವು. ಎರಡು, ದಾಳಿಗೆ ಸಿಕ್ಕಿದ ಸರಕು ಹಡಗಿನ ನೆರವಿಗೆ ಹೋಗಿದ್ದವು. ಕ್ಯಾರಿಯರ್ ಗಾಳಿಗೆ ತಿರುಗಿತು, ಕಾದಿದ್ದ ಜರ್ಮನ್ ಸಬ್‌ಮರೀನ್ ಯು-29ರ ಗುರಿಗೆ ಸರಿಯಾಗಿ ಬಂತು. 500ಕ್ಕೂ ಹೆಚ್ಚು ಜನ ಸತ್ತರು.

ಸೂಚನೆಯ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ಬಣ್ಣದ ನಂಬರ್, ಅಂಟಿಸುವ ಕ್ರಮ, ಅಷ್ಟೇ. ಕ್ರೂಸರ್ ಬಗ್ಗೆ ಒಂದು ಸಾಲು ಬರೆದಿದ್ದರೂ ಸಾಕಿತ್ತು. ಇಡೀ ಗುಂಪಿನ ವಾಯುರಕ್ಷಣೆಯ ಹೊಣೆ ಹೊರುವುದು ವಾಡಿಕೆಯಂತೆ ಆ ಕ್ರೂಸರ್‌ನ ಕ್ಯಾಪ್ಟನ್. ಡೆಸ್ಟ್ರಾಯರ್‌ಗಳ ಕಮಾಂಡರ್ ಸಬ್‌ಮರೀನ್ ಮತ್ತು ಶತ್ರು ಹಡಗುಗಳನ್ನು ನೋಡಿಕೊಳ್ಳುತ್ತಾರೆ. ಅಡ್ಮಿರಲ್ ಎಲ್ಲದಕ್ಕೂ ಹೂಂ ಅನ್ನುತ್ತ ಕೂರುವುದಿಲ್ಲ. ಒಂದೂವರೆ ನಿಮಿಷದಲ್ಲಿ ಕೇಳಿ ಹೇಳಿ ಮಾಡುವುದು ಆಗುವ ಮಾತಾ? ಬೇಡ ಅನ್ನಿಸಿದರೆ ಮಾತ್ರ ಅಡ್ಮಿರಲ್ ತಡೆಯುತ್ತಾರೆ. ಈ ಕ್ರೂಸರ್‌ಗಳು ಈಗ ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ಆ ಜಾಗಕ್ಕೆ ಹೊಸ ಫ್ಲೈಟ್ 3 ಬರ್ಕ್‌ಗಳು ಬರುತ್ತಿವೆ.

ಬೇರೆ ದೇಶಗಳ ಸೆಟ್ ಇದ್ದಿದ್ದರೆ ಕೆಲಸದ ಹಂಚಿಕೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಬರ್ಕ್ ಎಲ್ಲ ಕೆಲಸಕ್ಕೂ ಸೈ. ಫ್ರಾನ್ಸ್‌ನ ಶಾರ್ಲ್ ದ ಗಾಲ್ ಕ್ಯಾರಿಯರ್ ಜೊತೆಗಾದರೆ ವಾಯುರಕ್ಷಣೆಗೆ ಹೊರೈಜನ್ ಫ್ರಿಗೇಟ್, ಸಬ್‌ಮರೀನ್ ಬೇಟೆಗೆ ಫ್ರೆಮ್ ಫ್ರಿಗೇಟ್. 2021ರಲ್ಲಿ ಬ್ರಿಟನ್ನಿನ ಕ್ವೀನ್ ಎಲಿಜಬೆತ್ ಕ್ಯಾರಿಯರ್ ಹೊರಟಾಗ ಟೈಪ್ 45 ಡೆಸ್ಟ್ರಾಯರ್ ಎರಡು, ಟೈಪ್ 23 ಫ್ರಿಗೇಟ್ ಎರಡು, ಜೊತೆಗೆ ಅಮೆರಿಕದ್ದೊಂದು, ನೆದರ್‌ಲ್ಯಾಂಡ್ಸ್‌ನದೊಂದು ಹಡಗು. ಬೆಂಗಾವಲಿಗೆ ಸ್ವಂತ ಹಡಗು ಸಾಲದಿದ್ದರೆ ನೆಂಟರನ್ನು ಕರೆಯಬೇಕಾಗುತ್ತದೆ.

ಕೊಳ್ಳಬಹುದಾ? ಹಡಗುಗಳಿಗಾಗಿ ಖಂಡಿತ ಕೊಳ್ಳಿ. ಏರ್‌ಬ್ರಷ್ ಇಲ್ಲದಿದ್ದರೂ ಪರವಾಗಿಲ್ಲ, ಬೂದು ಬಣ್ಣದ ಸ್ಪ್ರೇ ಡಬ್ಬಿ ಸಾಕು. ಬೋರ್ಡಿನ ಗುಳಿಗಳನ್ನು ಪುಟ್ಟಿಯಿಂದ ಮುಚ್ಚಿ. ಅದರ ಮೇಲೆ ಕ್ಯಾರಿಯರ್ ಮತ್ತು ಪೂರೈಕೆ ಹಡಗು, ಇವೆರಡನ್ನು ಮಾತ್ರ ಇಡಿ. ಓಡುತ್ತಲೇ ಸಾಮಾನು ದಾಟಿಸುವಾಗ ಇವೆರಡೂ ಸುಮಾರು 50 ಮೀಟರ್ ಅಂತರದಲ್ಲಿ ಅಕ್ಕಪಕ್ಕ ಹೋಗುತ್ತವೆ. ಬೋರ್ಡ್ ಮೇಲೆ ಅದು 7 ಸೆಂಟಿಮೀಟರ್. ಕ್ಯಾರಿಯರ್ ಅಣುಶಕ್ತಿಯದು, ತನಗೆ ಎಣ್ಣೆ ಬೇಡ. ವಿಮಾನಗಳಿಗೆ ಇಂಧನ ಬೇಕು, ಬಾಂಬು ಬೇಕು, ಸಾವಿರಾರು ಜನರಿಗೆ ಊಟ ಬೇಕು. ಎರಡರ ನಡುವಿನ ಇಂಧನದ ಕೊಳವೆ ಪೆಟ್ಟಿಗೆಯಲ್ಲಿ ಇಲ್ಲ. ಬಿಡಿಭಾಗ ಕಳಚಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನ (ಸ್ಪ್ರೂ) ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಸ್ವಲ್ಪ ದೂರ ಹಿಡಿದು, ಮೆತ್ತಗಾದ ತಕ್ಷಣ ಎರಡೂ ತುದಿ ಎಳೆಯಿರಿ. ಕೂದಲಿನಷ್ಟು ತೆಳ್ಳಗಿನ ಎಳೆ ಬರುತ್ತದೆ. ನಡುವೆ ಸ್ವಲ್ಪ ಜೋತುಬಿದ್ದ ಹಾಗೆ ಅಂಟಿಸಿ, ಬಿಗಿಯಾಗಿ ಎಳೆದರೆ ತಪ್ಪಾಗಿ ಕಾಣುತ್ತದೆ. ಡೆಸ್ಟ್ರಾಯರ್‌ಗಳನ್ನು ಬೇರೆ ಕೋಣೆಯ ಶೆಲ್ಫ್‌ನಲ್ಲಿ ಇಟ್ಟುಕೊಳ್ಳಿ.