ಅಲಿಯ ಎದುರು ಟೈಸನ್ ನಿಂತರೆ: ‘ಫೈಟ್ ನೈಟ್ ರೌಂಡ್ 4’ ಆಟದ ವಿಮರ್ಶೆ

ಮಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ತಮ್ಮ ಉತ್ತುಂಗದ ದಿನಗಳಲ್ಲಿ ಎದುರುಬದುರಾಗಿದ್ದರೆ ಗೆಲುವು ಯಾರದಾಗುತ್ತಿತ್ತು ಎಂಬ ಪ್ರಶ್ನೆಯನ್ನು ಬಾಕ್ಸಿಂಗ್ ಪ್ರಿಯರು ಇಂದಿಗೂ ಕೈಬಿಟ್ಟಿಲ್ಲ. 2009ರ ಜೂನ್‌ನಲ್ಲಿ ಇಎ ಸ್ಪೋರ್ಟ್ಸ್ ಸಂಸ್ಥೆಯು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಗಳಿಗಾಗಿ ಹೊರತಂದ ‘ಫೈಟ್ ನೈಟ್ ರೌಂಡ್ 4’ ಅದೇ ಪ್ರಶ್ನೆಯನ್ನು ಹೊದಿಕೆಯ ಮೇಲೆಯೇ ಮುದ್ರಿಸಿಕೊಂಡು ಬಂದ ವಿಡಿಯೊ ಗೇಮ್. ಅದರ ಚಿತ್ರಗಳ ಗುಣಮಟ್ಟವನ್ನಾಗಲಿ, ಹೊಸ ಬಾಕ್ಸರ್‌ನೊಬ್ಬನ ವೃತ್ತಿಜೀವನವನ್ನು ಮೊದಲಿನಿಂದ ಆಡಿಸುವ ಅದರ ಭಾಗವನ್ನಾಗಲಿ ಇಲ್ಲಿ ಅಳೆಯಲು ಹೋಗುವುದಿಲ್ಲ. ಬೇರೆ ಬೇರೆ ಕಾಲದ ಹೆವಿವೇಟ್ (ಅತಿ ಹೆಚ್ಚು ತೂಕದ ವರ್ಗದ) ದಿಗ್ಗಜರನ್ನು ಹೋಲಿಸಿ ಗಂಟೆಗಟ್ಟಲೆ ವಾದಿಸುವವರಿಗೆ ಈ ಆಟ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಈ ಬರಹದ ವಿಷಯ. ಇದನ್ನು ನಾನು ವರ್ಷಗಳ ಕಾಲ ಒಬ್ಬ ಗೆಳೆಯನ ಜೊತೆ, ಬಾಕ್ಸರ್‌ಗಳನ್ನು ಅದಲುಬದಲು ಮಾಡಿಕೊಳ್ಳುತ್ತ ಆಡಿದ್ದೇನೆ.

ಆಟದ ದೊಡ್ಡ ಶಕ್ತಿಯಿರುವುದು ಅಂತರದ ನಿರ್ವಹಣೆಯಲ್ಲಿ. ಕಂಟ್ರೋಲರ್‌ನ ಬಲಗಡೆಯ ಅನಾಲಾಗ್ ಸ್ಟಿಕ್ಕನ್ನು ಹೊರಳಿಸಿದಂತೆ ಜ್ಯಾಬ್ (ನೇರವಾದ ಚುರುಕು ಹೊಡೆತ), ಹುಕ್ (ಪಕ್ಕದಿಂದ ಬಳಸಿ ಬೀಸುವ ಹೊಡೆತ), ಅಪ್ಪರ್‌ಕಟ್‌ಗಳು (ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತ) ಹೊರಡುತ್ತವೆ. ಆದರೆ ಹೊರಟ ಪ್ರತಿಯೊಂದು ಹೊಡೆತವೂ ಒಂದೇ ಬಲದಲ್ಲಿ ತಗಲುವುದಿಲ್ಲ. ಎತ್ತರದವನ ಹೊಡೆತಕ್ಕೆ ತೋಳು ಪೂರ್ತಿ ಚಾಚುವಷ್ಟು ಜಾಗ ಬೇಕು, ಗಿಡ್ಡನೆಯವನು ಆ ಜಾಗವನ್ನು ಕಸಿದುಕೊಂಡು ಒಳಗೆ ನುಗ್ಗಿದ ಮೇಲೆಯೇ ಅಪಾಯಕಾರಿಯಾಗುತ್ತಾನೆ. ಅಲಿಯವರ ಎತ್ತರ 6 ಅಡಿ 3 ಅಂಗುಲ, ಎರಡೂ ತೋಳುಗಳನ್ನು ಅಗಲಿಸಿದಾಗಿನ ಚಾಚು 78 ಅಂಗುಲ. ಟೈಸನ್ನರ ಎತ್ತರ 5 ಅಡಿ 10 ಅಂಗುಲ, ಚಾಚು 71 ಅಂಗುಲ. ಮಾತಿನ ವಾದದಲ್ಲಿ ಚಾಚಿನ ಈ ಏಳು ಅಂಗುಲಗಳ ಅಂತರವನ್ನು ಒಂದು ಅಂಕಿಯಾಗಿ ಹೇಳಿ ಮುಂದೆ ಸಾಗುತ್ತೇವೆ. ಟೈಸನ್ ಪಾತ್ರವನ್ನು ಕೈಗೆ ತೆಗೆದುಕೊಂಡು, ಹಿಂದೆ ಹಿಂದೆ ಸರಿಯುತ್ತಲೇ ಜ್ಯಾಬ್ ಬೀರುವ ಅಲಿಯನ್ನು ಅಟ್ಟಿಸಿಕೊಂಡು ಹೋದಾಗ ಮಾತ್ರ ಆ ಏಳು ಅಂಗುಲಗಳು ಎಷ್ಟು ಉದ್ದದ ದಾರಿಯೆಂಬುದು ಅರಿವಾಗುತ್ತದೆ. ನಿಜವಾದ ರಿಂಗ್‌ನ ಇತಿಹಾಸವೂ ಇದಕ್ಕೆ ಒಪ್ಪುತ್ತದೆ. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಹತ್ತನೆಯ ಸುತ್ತಿನಲ್ಲಿ, 2002ರಲ್ಲಿ ಮೆಂಫಿಸ್‌ನಲ್ಲಿ ಲೆನಾಕ್ಸ್ ಲೂಯಿಸ್ ಎಂಟನೆಯ ಸುತ್ತಿನಲ್ಲಿ ಟೈಸನ್ನರನ್ನು ನಾಕೌಟ್ ಮಾಡಿದ್ದು ಉದ್ದ ತೋಳಿನ ಜ್ಯಾಬ್‌ನಿಂದ ದೂರವನ್ನು ಕಾಯ್ದುಕೊಂಡೇ. ಆದರೂ ಆ ದಾರಿ ದಾಟಲಾಗದ್ದೇನಲ್ಲ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ ಜೋ ಫ್ರೇಜಿಯರ್ ಅದೇ ಅಲಿಯವರ ಜ್ಯಾಬ್‌ಗಳ ಅಡಿಯಿಂದ ನುಸುಳಿ, ಹದಿನೈದನೆಯ ಸುತ್ತಿನಲ್ಲಿ ಎಡಗೈ ಹುಕ್‌ನಿಂದ ಅವರನ್ನು ನೆಲಕ್ಕೆ ಕೆಡವಿದ್ದರು. ಟೈಸನ್ ಪರ ವಾದಿಸುವವರು 1988ರಲ್ಲಿ ಮೈಕಲ್ ಸ್ಪಿಂಕ್ಸ್ 91 ಸೆಕೆಂಡುಗಳಲ್ಲಿ ಸೋತದ್ದನ್ನು ಎತ್ತಿ ಹೇಳುವುದಕ್ಕಿಂತ, ಫ್ರೇಜಿಯರ್ ತುಳಿದ ಈ ದಾರಿಯನ್ನು ತೋರಿಸಿದರೆ ವಾದಕ್ಕೆ ಹೆಚ್ಚು ಬಲ ಬರುತ್ತದೆ. ಇದನ್ನು ನಾನು ಮನಗಂಡದ್ದು ಈ ಆಟವನ್ನು ಆಡಿಯೇ.

ಬಾಕ್ಸರ್‌ಗಳ ಸಾಮರ್ಥ್ಯವನ್ನು ಆಟವು ಅಂಕಗಳಾಗಿ ವಿಂಗಡಿಸಿಡುತ್ತದೆ: ವೇಗಕ್ಕಿಷ್ಟು, ಬಲಕ್ಕಿಷ್ಟು, ತಾಳಿಕೆಗಿಷ್ಟು. ನನ್ನ ತಕರಾರು ಇರುವುದು ಇಲ್ಲಿ. ಫ್ರೇಜಿಯರ್ ಅಲಿಯವರನ್ನು ಸೋಲಿಸಿದರು; 1973ರ ಜನವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್ ಅವರನ್ನು ಎರಡೇ ಸುತ್ತುಗಳಲ್ಲಿ ಆರು ಬಾರಿ ಕೆಡವಿದರು; 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿ ಅದೇ ಫೋರ್‌ಮನ್ ಅವರನ್ನು ಎಂಟನೆಯ ಸುತ್ತಿನಲ್ಲಿ ನಾಕೌಟ್ ಮಾಡಿದರು. ಮೂವರನ್ನು ಯಾವ ಕ್ರಮದಲ್ಲಿ ನಿಲ್ಲಿಸಿದರೂ ಈ ಫಲಿತಾಂಶಗಳಲ್ಲಿ ಒಂದು ಸುಳ್ಳಾಗುತ್ತದೆ. ಶೈಲಿಗೆ ಶೈಲಿ ಎದುರಾದಾಗ ಹುಟ್ಟುವ ಇಂಥ ಸುತ್ತುಬಳಸಿನ ಸಂಬಂಧವನ್ನು ಅಂಕಪಟ್ಟಿ ಹಿಡಿದಿಡಲಾರದು. ಹಾಗೆಂದು ಆಟ ಪೂರ್ತಿ ಸೋತಿದೆಯೆಂದೂ ಹೇಳಲಾಗದು. ತಲೆ ತಗ್ಗಿಸಿ ನುಗ್ಗುವ ಫ್ರೇಜಿಯರ್‌ಗೆ ಫೋರ್‌ಮನ್ನನ ಅಪ್ಪರ್‌ಕಟ್ ಕಾದಿರುವುದು ಇಲ್ಲಿಯೂ ಚೆನ್ನಾಗಿ ಕಾಣುತ್ತದೆ.

ಕಿನ್ಶಾಸಾ ಮಾತ್ರ ಮರುಕಳಿಸುವುದಿಲ್ಲ. ಹಗ್ಗಕ್ಕೆ ಒರಗಿ, ಮೈಗೆ ಬೀಳುವ ಹೊಡೆತಗಳನ್ನು ತೋಳುಗಳಲ್ಲಿ ತಡೆದು, ಎದುರಾಳಿಯ ಉಸಿರು ಬರಿದಾಗುವವರೆಗೆ ಕಾಯುವ ಅಲಿಯವರ ತಂತ್ರವನ್ನು ನಾನು ಎಷ್ಟೋ ಸಂಜೆ ಪ್ರಯತ್ನಿಸಿದೆ. ಫೋರ್‌ಮನ್ ಆಗಿ ಆಡುವ ನನ್ನ ಗೆಳೆಯ ಎರಡು ಹೆಜ್ಜೆ ಹಿಂದೆ ಸರಿದು ನಿಂತುಬಿಡುತ್ತಾನೆ, ಏಕೆಂದರೆ ಅವನಿಗೆ ಕಥೆ ಗೊತ್ತು. ಅಂದು 40 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಅವುಗಳಲ್ಲಿ 37ನ್ನು ನಾಕೌಟ್‌ನಿಂದ ಗೆದ್ದು ರಿಂಗ್‌ಗೆ ಬಂದಿದ್ದ ಫೋರ್‌ಮನ್‌ಗೆ ಹಿಂದೆ ಸರಿಯಲು ಯಾವ ಕಾರಣವೂ ಇರಲಿಲ್ಲ. ಕಾಲ್ಪನಿಕ ಪಂದ್ಯಗಳ ಚರ್ಚೆಯಲ್ಲಿ ನಾವೆಲ್ಲರೂ ಮಾಡುವ ತಪ್ಪು ಇದೇ ಎಂದು ನನಗೆ ತೋರಿದ್ದು ಆಗಲೇ: ನಮ್ಮ ಮೆಚ್ಚಿನ ಬಾಕ್ಸರ್‌ಗೆ ಎದುರಾಳಿಯ ಇಡೀ ಮುಂದಿನ ಬದುಕಿನ ತಿಳಿವಳಿಕೆಯನ್ನು ಸದ್ದಿಲ್ಲದೆ ಉಡುಗೊರೆ ಕೊಟ್ಟು, ಎದುರಾಳಿಯನ್ನು ಮಾತ್ರ ಅವನ ಕಾಲದಲ್ಲಿಯೇ ಕಟ್ಟಿಹಾಕುತ್ತೇವೆ.

ಯಂತ್ರದಿಂದ ತೀರ್ಪು ಕೇಳುವ ಈ ಆಸೆ ಹೊಸದೂ ಅಲ್ಲ. 1967ರಲ್ಲಿ ಅಮೆರಿಕದ ನಿರ್ಮಾಪಕ ಮರ್ರಿ ವೊರೊನರ್ 16 ಹೆವಿವೇಟ್ ಚಾಂಪಿಯನ್ನರ ವಿವರಗಳನ್ನು ಎನ್‌ಸಿಆರ್ 315 ಕಂಪ್ಯೂಟರ್‌ಗೆ ಉಣಿಸಿ, ಕಾಲ್ಪನಿಕ ಪಂದ್ಯಾವಳಿಯೊಂದನ್ನು ರೇಡಿಯೊದಲ್ಲಿ ಪ್ರಸಾರ ಮಾಡಿದ್ದರು. ಅದರಲ್ಲಿ ತಾವು ಹಳೆಯ ಕಾಲದ ಚಾಂಪಿಯನ್ ಜೇಮ್ಸ್ ಜೆಫ್ರೀಸ್‌ಗೆ ಸೋತಂತೆ ತೋರಿಸಿದ್ದಕ್ಕೆ ಅಲಿ ಮೊಕದ್ದಮೆಯನ್ನೇ ಹೂಡಿದರು. 1969ರಲ್ಲಿ ವೊರೊನರ್ ಅವರದೇ ಇಂಥ ಮತ್ತೊಂದು ಪ್ರಯೋಗಕ್ಕಾಗಿ ಅಲಿ ಮತ್ತು ನಿವೃತ್ತ ಚಾಂಪಿಯನ್ ರಾಕಿ ಮಾರ್ಸಿಯಾನೊ ಇಬ್ಬರೂ ಕ್ಯಾಮೆರಾದ ಮುಂದೆ ಸುತ್ತುಗಳನ್ನು ಅಭಿನಯಿಸಿದರು. 1970ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ಅದು ತೆರೆಕಂಡಾಗ ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದರು. ಆ ಗೆಲುವನ್ನು ನೋಡಲು ಅವರು ಬದುಕಿರಲಿಲ್ಲ. 1969ರ ಆಗಸ್ಟ್ 31ರಂದು ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಆ ಪ್ರಯೋಗದ ಮುಂದೆ ‘ರೌಂಡ್ 4’ ಹೆಚ್ಚು ಪ್ರಾಮಾಣಿಕವೆಂದೇ ನನ್ನ ಅಭಿಪ್ರಾಯ. ಇಲ್ಲಿ ಅಂಕಗಳು ಕಣ್ಣಿಗೆ ಕಾಣುತ್ತವೆ, ಮತ್ತು ಸೋತವನು ಮತ್ತೆ ಆಡಬಹುದು.

ಹಳೆಯ ಕಾಲಕ್ಕೆ ಹೋದಷ್ಟೂ ಆಟದ ನೆರವು ಕಡಿಮೆಯಾಗುತ್ತದೆ. ಹೊಸ ಬಾಕ್ಸರ್‌ನನ್ನು ರೂಪಿಸುವ ಸೌಲಭ್ಯವನ್ನು ಬಳಸಿ ಹಳೆಯ ಚಾಂಪಿಯನ್ ಜ್ಯಾಕ್ ಡೆಂಪ್ಸಿಯವರ ಮೈಕಟ್ಟಿನವನೊಬ್ಬನನ್ನು ನಾನು ಮಾಡಿಕೊಂಡೆ. ಆದರೆ ಡೆಂಪ್ಸಿಯವರ ಕಾಲದ ನಿಯಮಗಳನ್ನು ಅವನ ಜೊತೆಗೆ ತರಲಾಗಲಿಲ್ಲ. 1919ರ ಜುಲೈ 4ರಂದು ಟೊಲಿಡೊದಲ್ಲಿ ಡೆಂಪ್ಸಿ ತಮಗಿಂತ ಬಹಳ ಎತ್ತರದ ಜೆಸ್ ವಿಲ್ಲರ್ಡ್ ಅವರನ್ನು ಮೊದಲ ಸುತ್ತಿನಲ್ಲಿಯೇ ಏಳು ಬಾರಿ ಕೆಡವಿದ್ದು, ಬಿದ್ದವನು ಮೊಣಕಾಲನ್ನು ನೆಲದಿಂದ ಎತ್ತುತ್ತಿದ್ದಂತೆಯೇ ಹೊಡೆಯಲು ಪಕ್ಕದಲ್ಲಿಯೇ ನಿಂತು ಕಾಯುವ ಅವಕಾಶ ಆಗ ಇದ್ದುದರಿಂದ. ಬೀಳಿಸಿದವನು ತಟಸ್ಥ ಮೂಲೆಗೆ (ಇಬ್ಬರಿಗೂ ಸೇರದ ರಿಂಗ್‌ನ ಮೂಲೆಗೆ) ಹೋಗಲೇಬೇಕೆಂಬ ನಿಯಮ ಬಂದ ಮೇಲೆ, 1927ರಲ್ಲಿ ಷಿಕಾಗೋದಲ್ಲಿ, ಅದೇ ಡೆಂಪ್ಸಿ ಮೂಲೆಗೆ ಹೋಗಲು ತಡಮಾಡಿ, ಹತ್ತರವರೆಗಿನ ಎಣಿಕೆ ತಡವಾಗಿ ಆರಂಭವಾಗುವಂತೆ ಮಾಡಿ, ತಾವು ಕೆಡವಿದ್ದ ಜೀನ್ ಟನ್ನಿಯವರಿಗೆ ಚೇತರಿಸಿಕೊಳ್ಳಲು ಹೆಚ್ಚುವರಿ ಸೆಕೆಂಡುಗಳನ್ನು ಒದಗಿಸಿದರು. ಸುತ್ತುಗಳ ಲೆಕ್ಕವೂ ಅಷ್ಟೇ ಮುಖ್ಯವಾದದ್ದು. ಜ್ಯಾಕ್ ಜಾನ್ಸನ್ 1915ರಲ್ಲಿ ಹವಾನಾದಲ್ಲಿ ವಿಲ್ಲರ್ಡ್ ಅವರಿಗೆ ಸೋತದ್ದು ಇಪ್ಪತ್ತಾರನೆಯ ಸುತ್ತಿನಲ್ಲಿ. 1952ರಲ್ಲಿ ಮಾರ್ಸಿಯಾನೊ ಅಂಕಗಳಲ್ಲಿ ಹಿಂದೆ ಬಿದ್ದಿದ್ದರೂ ಹದಿಮೂರನೆಯ ಸುತ್ತಿನಲ್ಲಿ ಜೆರ್ಸಿ ಜೋ ವಾಲ್‌ಕಾಟ್ ಅವರನ್ನು ಕೆಡವಿ ಚಾಂಪಿಯನ್ ಆದರು. ಇಂದಿನ ಹನ್ನೆರಡು ಸುತ್ತುಗಳ ಪಂದ್ಯವಾಗಿದ್ದರೆ ಆ ಗೆಲುವೇ ಇರುತ್ತಿರಲಿಲ್ಲ, 49 ಪಂದ್ಯಗಳಲ್ಲಿ 49 ಗೆಲುವು ಎಂಬ ಅವರ ದಾಖಲೆಯೂ ಇರುತ್ತಿರಲಿಲ್ಲ. ಇಂದಿನ ಚಾಂಪಿಯನ್ನರ ಎದುರು ಮಾರ್ಸಿಯಾನೊ ಅವರನ್ನು ನಿಲ್ಲಿಸುವಾಗ, ಅವರ ಎತ್ತರ ಕೇವಲ 5 ಅಡಿ 10 ಅಂಗುಲದಷ್ಟಿತ್ತೆಂದು ಹೇಳುವವರು ಈ ಹದಿಮೂರನೆಯ ಸುತ್ತನ್ನೂ ನೆನಪಿಸಬೇಕು.

ಆದ್ದರಿಂದ 1960ರ ದಶಕದಿಂದ ಈಚಿನ ಬಾಕ್ಸರ್‌ಗಳ ಬಗ್ಗೆ ವಾದಿಸುವವರಿಗೆ ಈ ಆಟವನ್ನು ಮನಃಪೂರ್ವಕವಾಗಿ ಸೂಚಿಸುತ್ತೇನೆ, ಅದಕ್ಕಿಂತ ಹಿಂದಿನವರ ವಿಷಯದಲ್ಲಿ ಅದನ್ನು ಸಾಕ್ಷಿಯಾಗಿ ತರಬೇಡಿ ಎಂದೂ ಹೇಳುತ್ತೇನೆ. ಮೊದಲಿಗೆ ಅಲಿ ಮತ್ತು ಟೈಸನ್ ಜೋಡಿಯನ್ನು ಬಿಟ್ಟು, ಫ್ರೇಜಿಯರ್ ಮತ್ತು ಟೈಸನ್ ಜೋಡಿಯಿಂದ ಆರಂಭಿಸಿ. ಇಬ್ಬರಿಗೂ ಒಳಗೇ ನುಗ್ಗಬೇಕು, ಇಬ್ಬರಿಗೂ ಹಿಂದೆ ಸರಿದು ಆಡುವುದು ಒಗ್ಗದು. ಆಟದ ಭೌತಿಕ ಲೆಕ್ಕಾಚಾರದ ಸೊಗಸು ಇಲ್ಲಿ ಕಾಣುವಷ್ಟು ಬೇರೆಲ್ಲಿಯೂ ಕಾಣುವುದಿಲ್ಲ. ಮೂರು ಪಂದ್ಯ ಆಡಿದ ಮೇಲೆ ಕಂಟ್ರೋಲರ್‌ಗಳನ್ನು ಬದಲಿಸಿಕೊಳ್ಳಿ. ಗೆಲುವು ಬಾಕ್ಸರ್‌ನ ಜೊತೆ ಹೋಗುತ್ತದೆಯೋ, ಆಡುವವನ ಕೈಯಲ್ಲಿಯೇ ಉಳಿಯುತ್ತದೆಯೋ ಎಂಬುದನ್ನು ಗಮನಿಸಿ, ಆನಂತರ ವಾದಕ್ಕೆ ಕುಳಿತುಕೊಳ್ಳಿ.